ಕರೆಂಟು ಹೋದ ಲೆಕ್ಕ ಯಾರ ಪುಸ್ತಕದಲ್ಲಿದೆ?

ಸಂಜೆ ಏಳು ಗಂಟೆ. ಆಫೀಸು ಬಿಟ್ಟವರು ಬಸ್ಸಿಗೆ ಕಾಯುವ ಹೊತ್ತು. ಅಂಗಡಿಯವರು ನಾಲ್ಕು ಕಾಸು ಕಾಣುವ ಹೊತ್ತು. ಆಕಾಶ ಒಂದು ಸಲ ಗುಡುಗಿತು, ನಾಲ್ಕು ಹನಿ ಬಿತ್ತು, ಗಾಳಿ ಬೀಸಿತು. ಬೀದಿಗೆ ಬೀದಿಯೇ ಕತ್ತಲು.

ತಕ್ಷಣ ಅಂಗಡಿಯ ಯಜಮಾನರು ಮಾಡುವ ಕೆಲಸ ಯಾವುದು? ಹುಡುಗನನ್ನು ರಸ್ತೆಗೆ ಓಡಿಸುತ್ತಾರೆ. “ಎಲ್ಲರದೂ ಹೋಗಿದೆಯೋ, ನಮ್ಮದೊಂದೇನೋ ನೋಡ್ಕೊಂಡ್ ಬಾರೋ.” ಹುಡುಗ ಬಂದು ವರದಿ ಒಪ್ಪಿಸುತ್ತಾನೆ: “ಎದುರುಗಡೆ ಸಾಲಲ್ಲಿ ಐತೆ ಕಣಣ್ಣ, ನಮ್ಮ ಸಾಲಲ್ಲಿ ಮೂರು ಅಂಗಡೀಲಿ ಮಾತ್ರ ಐತೆ.” “ಹಂಗಾದ್ರೆ ಫೇಸ್ ಹೋಗೈತೆ ಬಿಡು.” ಆಮೇಲೆ ಕ್ಯಾಂಡಲ್ ಹುಡುಕಾಟ, ಗಿರಾಕಿಗಳ ಗೊಣಗಾಟ, 1912ಕ್ಕೆ ಫೋನು.

ಇದು ಒಂದೂರಿನ ಕಥೆಯಲ್ಲ, ಒಂದು ಇಲಾಖೆಯ ಮೇಲಿನ ದೂರೂ ಅಲ್ಲ. ಬೀದರಿನಿಂದ ಚಾಮರಾಜನಗರದವರೆಗೆ ನಡೆಯುವ ನಿತ್ಯದ ನಾಟಕ. ಆದರೆ ಈ ನಾಟಕದಲ್ಲಿ ಒಂದು ವಿಚಿತ್ರವಿದೆ, ಗಮನಿಸಿದ್ದೀರಾ ಸ್ವಾಮಿ? ಕರೆಂಟು ಮಾರುವವರಿಗೆ, ಕರೆಂಟು ಹೋಯಿತು ಅಂತ ಕೊಳ್ಳುವವರು ಹೇಳಬೇಕು! ಹಾಲಿನವನು ಹಾಲು ಹಾಕದಿದ್ದರೆ ಅವನಿಗೆ ಗೊತ್ತಿರುತ್ತದೆ. ಪೇಪರಿನ ಹುಡುಗ ಪೇಪರ್ ಹಾಕದಿದ್ದರೆ ಅವನಿಗೂ ಗೊತ್ತಿರುತ್ತದೆ. ಬೀದಿಯಲ್ಲಿ ವಿದ್ಯುತ್ತು ನಿಂತರೆ ಮಾತ್ರ, ಯಾರಾದರೂ ಫೋನು ಮಾಡುವತನಕ ಕಚೇರಿಗೆ ಅದು ತಿಳಿಯದೇ ಹೋಗಬಹುದು.

‘ಸ್ಮಾರ್ಟ್ ಗ್ರಿಡ್’ ಅಂತ ಈಗ ಹತ್ತಾರು ವರ್ಷಗಳಿಂದ ದೊಡ್ಡ ಮಾತು ನಡೆಯುತ್ತಿದೆ. ಸೆಮಿನಾರುಗಳಾಗಿವೆ, ಸಂಶೋಧನೆಗಳಾಗಿವೆ, ಕೋಟಿಗಟ್ಟಲೆ ಖರ್ಚಾಗಿದೆ. ಜನಕ್ಕೆ ಕಂಡದ್ದು ಹೊಸ ಮೀಟರೊಂದೇ. ಆದ್ದರಿಂದ ಎಲ್ಲರೂ ತಿಳಿದಿರುವುದು ಸ್ಮಾರ್ಟ್ ಗ್ರಿಡ್ ಅಂದರೆ ದುಬಾರಿ ಮೀಟರು ಅಂತ. ಅದು ಪೂರ್ತಿ ಸರಿಯಲ್ಲ. ಈ ವಾರ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಶಿವನಸಮುದ್ರದಿಂದ ನಿಮ್ಮ ಅಂಗಡಿವರೆಗೆ

ವಿದ್ಯುತ್ತಿನ ವಿಷಯದಲ್ಲಿ ನಮ್ಮ ಸೀಮೆಯವರು ಯಾರಿಗೂ ಹಿಂದೆ ಬಿದ್ದವರಲ್ಲ. 1902ರಲ್ಲೇ ಶಿವನಸಮುದ್ರದ ಕಾವೇರಿ ನೀರಿನಿಂದ ಕರೆಂಟು ತೆಗೆದು, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಸಾಗಿಸಿದರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಯೋಜನೆಗೆ ಬೆನ್ನು ಕೊಟ್ಟ ದಿವಾನ್ ಶೇಷಾದ್ರಿ ಅಯ್ಯರ್ ಅದು ಉರಿಯುವುದನ್ನು ನೋಡದೆ 1901ರಲ್ಲೇ ತೀರಿಕೊಂಡರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ನಮ್ಮ ಮೈಸೂರಿಗೆ ಬಂದದ್ದು 1908ರಲ್ಲಿ. ಮೊದಲು ಗಣಿಗೆ, ಆಮೇಲೆ ರಾಜಧಾನಿಗೆ, ಕೊನೆಗೆ ಹಳ್ಳಿಗೆ.

ದೊಡ್ಡ ಲೈನುಗಳ ವಿಚಾರದಲ್ಲಿ ದೇಶ ಆಮೇಲೂ ಬಹಳ ಮುಂದೆ ಹೋಯಿತು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ನಮಗೆ ಬಿಸಿ ತಟ್ಟಲಿಲ್ಲ. ದಕ್ಷಿಣದ ಜಾಲ ಆಗ ಬೇರೆಯೇ ತಾಳದಲ್ಲಿ ಓಡುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ಅದನ್ನೂ ಜೋಡಿಸಿದರು. ಇಡೀ ದೇಶ ಒಂದೇ ಜಾಲವಾಯಿತು. ಅಂಥ ದೊಡ್ಡ ಲೈನಿನಲ್ಲಿ ಏನಾದರೂ ಆದರೆ, ಬೆಂಗಳೂರಿನ ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಕೆಲವೇ ಸೆಕೆಂಡಿನಲ್ಲಿ ಕಾಣುತ್ತದೆ.

ಕುರುಡು ಶುರುವಾಗುವುದು ಅಲ್ಲಿಂದ ಕೆಳಗೆ. ಊರಾಚೆಯ ಸಬ್‌ಸ್ಟೇಷನ್ನಿಗೆ 66 ಸಾವಿರ ವೋಲ್ಟಿನಲ್ಲಿ ಬಂದ ಕರೆಂಟನ್ನು 11 ಸಾವಿರ ವೋಲ್ಟಿಗೆ ಇಳಿಸುತ್ತಾರೆ. ಅಲ್ಲಿಂದ ಒಂದೊಂದು ದಿಕ್ಕಿಗೆ ಒಂದೊಂದು ಲೈನು ಹೊರಡುತ್ತದೆ. ಅದಕ್ಕೆ ಫೀಡರು ಅಂತಾರೆ. ಫೀಡರು ಬೀದಿ ಬೀದಿ ತಿರುಗುತ್ತಾ ಟಿ.ಸಿ.ಗಳಿಗೆ ಕರೆಂಟು ಹಂಚುತ್ತದೆ. ಟಿ.ಸಿ. ಅದನ್ನು ನಿಮ್ಮ ಬಲ್ಬಿಗೆ ಬೇಕಾದ 230 ವೋಲ್ಟಿನ ಮಟ್ಟಕ್ಕೆ ಇಳಿಸಿ, ಮೂರು ಫೇಸುಗಳಲ್ಲಿ ಮನೆ, ಅಂಗಡಿಗಳಿಗೆ ಹಂಚುತ್ತದೆ. ಸಬ್‌ಸ್ಟೇಷನ್ನಿನ ಬಾಗಿಲವರೆಗೆ ಲೆಕ್ಕವಿದೆ, ಮೇಲ್ವಿಚಾರಣೆಯಿದೆ. ಬಾಗಿಲು ದಾಟಿದ ಮೇಲೆ ಹೆಚ್ಚಿನ ಕಡೆ ದೇವರೇ ಗತಿ.

ಬಂದು ಬಂದು ಹೋಗೋದು ಯಾಕೆ?

ಫೀಡರನ್ನು ಒಂದು ಬಸ್ ರೂಟ್ ಅಂತ ತಿಳಿಯಿರಿ. ಸಬ್‌ಸ್ಟೇಷನ್ನು ಬಸ್ ನಿಲ್ದಾಣ, ಟಿ.ಸಿ.ಗಳು ಸ್ಟಾಪುಗಳು. ಆದರೆ ಇದು ಒಂದೇ ಕಡೆಯಿಂದ ಹೋಗುವ ರೂಟು. ನಡುವೆ ಎಲ್ಲೋ ಒಂದು ಮರದ ಕೊಂಬೆ ತಂತಿಯ ಮೇಲೆ ಬಿತ್ತು ಅನ್ನಿ. ಬಸ್ಸಾದರೆ ಮರ ಬಿದ್ದ ಜಾಗದವರೆಗಾದರೂ ಬರುತ್ತಿತ್ತು. ವಿದ್ಯುತ್ತಿನಲ್ಲಿ ಹಾಗಲ್ಲ. ತಂತಿ ಸುಟ್ಟುಹೋಗದಂತೆ ಸಬ್‌ಸ್ಟೇಷನ್ನಿನ ಬ್ರೇಕರು ತಾನೇ ಬಿದ್ದುಬಿಡುತ್ತದೆ. ಅಂದರೆ ಮೊದಲ ಸ್ಟಾಪಿನಿಂದ ಕೊನೆಯ ಸ್ಟಾಪಿನವರೆಗೆ ಇಡೀ ರೂಟೇ ಬಂದ್!

ಈಗ ಲೈನ್‌ಮನ್ ಕೆಲಸ ಶುರು. ಮರ ಎಲ್ಲಿ ಬಿದ್ದಿದೆ ಅಂತ ಅವನಿಗೇನು ಕನಸು ಬಿದ್ದಿರುತ್ತದೆಯೇ? ಮಳೆಯಲ್ಲಿ ಟಾರ್ಚ್ ಹಿಡಿದು ಕಂಬದಿಂದ ಕಂಬಕ್ಕೆ ಹೋಗಬೇಕು. ಕಾಣದಿದ್ದರೆ ಇನ್ನೊಂದು ಉಪಾಯ. ಲೈನಿನ ಮಧ್ಯದಲ್ಲಿರುವ ಜಿ.ಓ.ಎಸ್. ಸ್ವಿಚ್ಚನ್ನು ಎಳೆದು ಲೈನನ್ನು ಎರಡು ತುಂಡು ಮಾಡುತ್ತಾನೆ. ಸಬ್‌ಸ್ಟೇಷನ್ನಿಗೆ ಫೋನು ಮಾಡಿ, “ಸಾರ್, ಚಾರ್ಜ್ ಮಾಡಿ ನೋಡಿ” ಅಂತಾನೆ. ನಿಂತರೆ ಮೊದಲ ಅರ್ಧ ಸರಿಯಿದೆ, ತೊಂದರೆ ಎರಡನೇ ಅರ್ಧದಲ್ಲಿ. ಮತ್ತೆ ಬಿದ್ದರೆ ತೊಂದರೆ ಮೊದಲ ಅರ್ಧದಲ್ಲೇ. ಆ ಅರ್ಧವನ್ನು ಮತ್ತೆ ಎರಡು ಮಾಡು, ಮತ್ತೆ ಚಾರ್ಜ್ ಮಾಡು.

ನಿಮ್ಮ ಅಂಗಡಿಯಲ್ಲಿ ಲೈಟು ಒಂದು ಕ್ಷಣ ಬಂದು ‘ಟಪ್’ ಅಂತ ಹೋಗುತ್ತದಲ್ಲ, “ಆಟ ಆಡ್ತಾವ್ರೆ ಕಣ್ರೀ ಇವ್ರು” ಅಂತ ನೀವು ಬೈಯುತ್ತೀರಲ್ಲ, ಎಷ್ಟೋ ಸಲ ಅದು ಆಟವಲ್ಲ, ಹುಡುಕಾಟ. ಪಾಪ, ಆ ಮನುಷ್ಯ ಕತ್ತಲಲ್ಲಿ ತಡಕಾಡುತ್ತಿದ್ದಾನೆ. ತಡಕಾಟದಲ್ಲಿ ನಿಮ್ಮ ಫ್ರಿಜ್ಜಿನ ಕಂಪ್ರೆಸರಿಗೂ ಏಟು, ಅವನ ಜೀವಕ್ಕೂ ಅಪಾಯ.

ಇದಕ್ಕೆ ಔಷಧಿ ಇಲ್ಲವೇ? ಇದೆ. ಕಂಬದ ಮೇಲೆ ಒಂದು ಸಣ್ಣ ಸಾಧನ ಕೂರಿಸುತ್ತಾರೆ. ಮರ ಬಿದ್ದಾಗ ಹರಿಯುವ ಭಾರೀ ಕರೆಂಟು ತನ್ನನ್ನು ದಾಟಿಹೋದರೆ ಅದು ಮಿಣಿಮಿಣಿ ದೀಪ ಉರಿಸುತ್ತದೆ. ಸಾಲಾಗಿ ನಾಲ್ಕು ಸಾಧನಗಳಿದ್ದು ಮೊದಲೆರಡು ಮಿನುಗುತ್ತಿವೆ, ಮೂರನೆಯದು ಮಿನುಗುತ್ತಿಲ್ಲ ಅಂದರೆ ತೊಂದರೆ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ. ಇಡೀ ಲೈನು ಸುತ್ತುವುದು ತಪ್ಪಿತು. ಆ ಸಾಧನ ಕಚೇರಿಗೆ ಸಂದೇಶವನ್ನೂ ಕಳಿಸಿದರೆ, ಸ್ವಿಚ್ಚುಗಳನ್ನು ಕೂತಲ್ಲಿಂದಲೇ ಎಳೆಯುವಂತಿದ್ದರೆ, ಕೆಟ್ಟ ತುಂಡೊಂದನ್ನು ಬಿಟ್ಟು ಉಳಿದ ಊರಿಗೆ ಕೆಲವೇ ನಿಮಿಷದಲ್ಲಿ ದೀಪ.

ಕಾಗದದ ಮೇಲಿನ ಕನಸಲ್ಲ ಇದು. ಅಮೆರಿಕದ ಟೆನೆಸಿ ರಾಜ್ಯದಲ್ಲಿ ಚಟ್ಟನೂಗ ಅಂತ ಒಂದು ಮಧ್ಯಮ ಗಾತ್ರದ ಊರಿದೆ. ಅಲ್ಲಿ ವಿದ್ಯುತ್ ಹಂಚುವುದು ಊರಿನವರದೇ ಸಂಸ್ಥೆ. 2009ರಲ್ಲಿ ಅವರ ಕೇಂದ್ರ ಸರ್ಕಾರದಿಂದ 11 ಕೋಟಿ ಡಾಲರಿಗೂ ಹೆಚ್ಚು ನೆರವು ಸಿಕ್ಕಿತು. ಅವರು ಮೀಟರನ್ನೂ ಬದಲಾಯಿಸಿದರು. ಅಷ್ಟಕ್ಕೇ ನಿಲ್ಲಿಸದೆ ತಂತಿಯ ಉದ್ದಕ್ಕೂ ಸುಮಾರು 1,200 ತಾನೇ ತಾನಾಗಿ ಕೆಲಸ ಮಾಡುವ ಸ್ವಿಚ್ಚುಗಳನ್ನು ಕೂರಿಸಿದರು. ಗಾಳಿ ಮಳೆ ಬಂದಾಗ ಆ ಸ್ವಿಚ್ಚುಗಳು ತಾವೇ ಮಾತಾಡಿಕೊಂಡು ಕೆಟ್ಟ ತುಂಡನ್ನು ಬೇರೆ ಮಾಡಿ, ಮಿಕ್ಕವರಿಗೆ ಇನ್ನೊಂದು ದಾರಿಯಿಂದ ಕರೆಂಟು ಕೊಡುತ್ತವೆ. ಬುದ್ಧಿ ಮೀಟರಿನಲ್ಲಿ ಮಾತ್ರ ಅಲ್ಲ, ತಂತಿಯಲ್ಲೂ ಇದೆ ಅಂದ ಹಾಗಾಯಿತು.

ಅಂಗಡಿ ಲೆಕ್ಕದಲ್ಲಿ ಒಂದು ಸಂಶೋಧನೆ

ಈ ‘ಇನ್ನೊಂದು ದಾರಿ’ ಎಂಬುದರ ಮೇಲೆ ಪಂಡಿತರು ಐವತ್ತು ವರ್ಷದಿಂದ ತಲೆ ಕೆಡಿಸಿಕೊಂಡಿದ್ದಾರೆ. ಪಕ್ಕಪಕ್ಕದ ಎರಡು ಫೀಡರುಗಳ ಕೊನೆಗಳನ್ನು ಒಂದು ಸ್ವಿಚ್ಚಿನಿಂದ ಜೋಡಿಸಿರುತ್ತಾರೆ. ಸಾಮಾನ್ಯವಾಗಿ ಅದು ತೆರೆದೇ ಇರುತ್ತದೆ. ಎರಡು ರೂಟುಗಳ ನಡುವಿನ ಮುಚ್ಚಿದ ಗೇಟಿನ ಹಾಗೆ. ಯಾವ ಗೇಟು ತೆರೆದು ಯಾವುದನ್ನು ಮುಚ್ಚಿದರೆ ತಂತಿಯಲ್ಲಿ ಪೋಲಾಗುವ ಕರೆಂಟು ಅತಿ ಕಡಿಮೆಯಾಗುತ್ತದೆ? 1975ರಲ್ಲಿ ಫ್ರಾನ್ಸಿನ ಮರ್ಲಿನ್ ಮತ್ತು ಬಾಕ್ ಎಂಬಿಬ್ಬರು ಈ ಪ್ರಶ್ನೆಯನ್ನು ಗಣಿತದ ರೂಪದಲ್ಲಿ ಕೇಳಿದರು. 1989ರಲ್ಲಿ ಬರಾನ್ ಮತ್ತು ವೂ ಎಂಬ ಇನ್ನಿಬ್ಬರು 33 ಸ್ಟಾಪುಗಳಿರುವ ಒಂದು ಮಾದರಿ ಫೀಡರನ್ನು ಮುಂದಿಟ್ಟರು. ಈಗಲೂ ಜಗತ್ತಿನ ಯಾವ ಎಂಜಿನಿಯರಿಂಗ್ ಕಾಲೇಜಿಗೆ ಹೋದರೂ ಹುಡುಗರು ಆ 33ರ ಲೆಕ್ಕವನ್ನೇ ಮಾಡುತ್ತಿರುತ್ತಾರೆ.

ಅದರ ಸಾರ ಇಷ್ಟು. ಆ ಫೀಡರು ಒಟ್ಟು 3,715 ಕಿಲೋವ್ಯಾಟ್ ಕರೆಂಟು ಒದಗಿಸಬೇಕು. ದಾರಿಯಲ್ಲಿ ಸುಮಾರು 203 ಕಿಲೋವ್ಯಾಟ್ ತಂತಿ ಬಿಸಿಯಾಗಿ ಪೋಲಾಗುತ್ತದೆ. ಹೊಸ ತಂತಿ ಎಳೆಯಬೇಡಿ, ಹೊಸ ಟಿ.ಸಿ. ಕೂರಿಸಬೇಡಿ. ಇರುವ ಸ್ವಿಚ್ಚುಗಳಲ್ಲಿ ಕೆಲವನ್ನು ತೆರೆದು ಕೆಲವನ್ನು ಮುಚ್ಚಿ. ಪೋಲು ಸುಮಾರು 140 ಕಿಲೋವ್ಯಾಟಿಗೆ ಇಳಿಯುತ್ತದೆ. ಹೆಚ್ಚುಕಮ್ಮಿ ಮೂರರಲ್ಲೊಂದು ಪಾಲು ಉಳಿತಾಯ!

ಇದೇನು ಮಾಯವೇ? ಅಲ್ಲ. ತಂತಿಯ ಗುಣವೇ ಹಾಗೆ. ಕರೆಂಟು ಎರಡರಷ್ಟಾದರೆ ಬಿಸಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಬಿಲ್ಲಿನ ಹಿಂದೆ ಗೀಚಿ ನೋಡಿ. ಒಂದೇ ಬಗೆಯ ಎರಡು ಲೈನುಗಳಿವೆ. ಒಂದರಲ್ಲಿ 100 ಆಂಪಿಯರು, ಇನ್ನೊಂದರಲ್ಲಿ 20. ನೂರನ್ನು ನೂರರಿಂದ ಗುಣಿಸಿದರೆ ಹತ್ತು ಸಾವಿರ. ಇಪ್ಪತ್ತನ್ನು ಇಪ್ಪತ್ತರಿಂದ ಗುಣಿಸಿದರೆ ನಾನೂರು. ಒಟ್ಟು 10,400. ಈಗ ಹೊರೆಯನ್ನು ಸಮ ಮಾಡಿ, 60 ಮತ್ತು 60. ಮೂರು ಸಾವಿರದ ಆರುನೂರರ ಎರಡು ಪಾಲು, 7,200. ಮಾರಿದ ಸಾಮಾನು ಅಷ್ಟೇ, ದಾರಿಯಲ್ಲಿ ಸೋರಿದ್ದು ಮಾತ್ರ ಶೇಕಡಾ 30ರಷ್ಟು ಕಡಿಮೆ. ಅರ್ಧ ಹೊರೆ ಒಬ್ಬ ಕೂಲಿಯ ತಲೆ ಮೇಲೆ, ಅರ್ಧ ಇನ್ನೊಬ್ಬನ ತಲೆ ಮೇಲೆ ಅಂತ ನಮ್ಮ ಮಂಡಿಯ ಯಜಮಾನರು ಮಾಡುವ ಲೆಕ್ಕವೇ ಇದು.

ಹಾಗಾದರೆ ಎಲ್ಲ ಊರಲ್ಲೂ ಇದನ್ನು ಏಕೆ ಮಾಡಬಾರದು? ಮಾಡಬಹುದು. ಆದರೆ ಯಾವ ಲೈನಿನಲ್ಲಿ ಯಾವ ಹೊತ್ತಿಗೆ ಎಷ್ಟು ಹೊರೆ ಇದೆ ಅಂತ ಮೊದಲು ಗೊತ್ತಿರಬೇಕು. ಪುಸ್ತಕದ ಫೀಡರಿನಲ್ಲಿ 33 ಸ್ಟಾಪಿನ ಲೆಕ್ಕವೂ ಅಚ್ಚಾಗಿದೆ. ನಿಜವಾದ ಫೀಡರಿನಲ್ಲಿ ಯಾವ ಅಂಗಡಿ ಯಾವ ಟಿ.ಸಿ.ಯದು, ಯಾವ ಫೇಸಿನದು ಎಂಬ ಪಟ್ಟಿಯೇ ಅನೇಕ ಕಡೆ ಸರಿಯಾಗಿರುವುದಿಲ್ಲ. ಒಂದು ಫೇಸ್ ಹೋದಾಗ ಲೈನ್‌ಮನ್ ಬಂದು ಪಕ್ಕದ ಫೇಸಿಗೆ ಹಾಕಿಕೊಟ್ಟು ಹೋಗುತ್ತಾನೆ. ನಾವೂ ಖುಷಿ, ಅವನೂ ಖುಷಿ. ಪಟ್ಟಿಯಲ್ಲಿ ಅದು ಏರುವುದಿಲ್ಲ. ಹೀಗೆ ಒಂದು ಫೇಸಿಗೆ ಹೊರೆ ಏರಿ ಏರಿ ಒಂದು ಬೇಸಿಗೆಯಲ್ಲಿ ಟಿ.ಸಿ. ಸುಡುತ್ತದೆ. ಮೀಟರುಗಳು ಕಳಿಸುವ ವೋಲ್ಟೇಜಿನ ಏರಿಳಿತವನ್ನು ಹೋಲಿಸಿ, ಯಾವ ಮೀಟರು ಯಾವ ಫೇಸಿನದು ಅಂತ ಪತ್ತೆ ಮಾಡುವುದೇ ಈಗ ಸಂಶೋಧಕರ ಒಂದು ದೊಡ್ಡ ಕಸುಬಾಗಿದೆ.

ವಾಣಿವಿಲಾಸ ಮೊಹಲ್ಲದ ಪ್ರಯೋಗ

ಈ ಕುರುಡು ಹೋಗಲಾಡಿಸುವ ಪ್ರಯೋಗ ದೂರದ ಅಮೆರಿಕದಲ್ಲಿ ಮಾತ್ರ ನಡೆದದ್ದಲ್ಲ, ನಮ್ಮ ಮಗ್ಗುಲಲ್ಲೇ ನಡೆಯಿತು. ಕೇಂದ್ರ ಸರ್ಕಾರ ದೇಶದಲ್ಲಿ 14 ಕಡೆ ಸ್ಮಾರ್ಟ್ ಗ್ರಿಡ್ ಪರೀಕ್ಷೆ ಮಾಡಲು ಹೊರಟಾಗ ಆಯ್ದ ಜಾಗಗಳಲ್ಲಿ ನಮ್ಮ ವಾಣಿವಿಲಾಸ ಮೊಹಲ್ಲವೂ ಒಂದು. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಆ ವಿಭಾಗದಲ್ಲಿ 21,824 ಗ್ರಾಹಕರು, 14 ಫೀಡರುಗಳು, 473 ಟಿ.ಸಿ.ಗಳು ಯೋಜನೆಗೆ ಸೇರಿದವು. ಮಂಜೂರಾದ ವೆಚ್ಚ 32 ಕೋಟಿ 59 ಲಕ್ಷ ರೂಪಾಯಿ, ಅದರಲ್ಲಿ ಅರ್ಧ ಕೇಂದ್ರದ್ದು.

ಈ ಜಾಗವನ್ನೇ ಯಾಕೆ ಹಿಡಿದರು? ಇಲ್ಲಿ ಎಲ್ಲ ಬಗೆಯ ಗಿರಾಕಿಯೂ ಇದ್ದಾರೆ. ಮನೆಗಳಿವೆ, ಅಂಗಡಿಗಳಿವೆ, ಕಾರ್ಖಾನೆಗಳಿವೆ, 512 ನೀರಾವರಿ ಪಂಪ್‌ಸೆಟ್ಟುಗಳೂ ಇವೆ. ಯೋಜನೆಯಲ್ಲಿ ಬರೀ ಮೀಟರು ಇರಲಿಲ್ಲ. ಕರೆಂಟು ಹೋದದ್ದನ್ನು ಪತ್ತೆ ಮಾಡುವ ವ್ಯವಸ್ಥೆ, ಟಿ.ಸಿ.ಯ ಮೇಲೆ ನಿಗಾ ಇಡುವ ಸಾಧನ, ಸಂಜೆಯ ಹೊರೆಯನ್ನು ಹದ್ದಿನಲ್ಲಿಡುವ ಉಪಾಯ, ಮನೆಯ ಮೇಲಿನ ಸೋಲಾರನ್ನು ಜಾಲಕ್ಕೆ ಸೇರಿಸಿಕೊಳ್ಳುವ ಏರ್ಪಾಡು, ಇವೆಲ್ಲ ಸೇರಿದ್ದವು. ಗಮನಿಸಿ, ಅಲ್ಲಿ ಮೀಟರು ಎಂಬುದು ಹತ್ತರಲ್ಲಿ ಒಂದು. ಆ ಪ್ರಯೋಗದಿಂದ ನಾವು ಹಿಡಿದಿಟ್ಟುಕೊಳ್ಳಬೇಕಾದ ಪಾಠ ಇದೇ.

ಬಸ್ಸಿನವರಿಗೆ ಇದು ಬೇಗ ಅರ್ಥವಾಗುತ್ತದೆ. 2012ರಲ್ಲಿ ನಮ್ಮ ಮೈಸೂರಿನ ಸಿಟಿ ಬಸ್ಸುಗಳಿಗೆ ಜಿ.ಪಿ.ಎಸ್. ಹಾಕಿ, ಯಾವ ಬಸ್ಸು ಎಲ್ಲಿದೆ ಅಂತ ಕೂತಲ್ಲೇ ನೋಡುವ ವ್ಯವಸ್ಥೆ ತಂದರು. ಅದರ ಬದಲು ಪ್ರಯಾಣಿಕರಿಗೆಲ್ಲ ದುಬಾರಿ ಟಿಕೆಟ್ ಯಂತ್ರ ಕೊಟ್ಟು, ಬಸ್ಸಿಗೆ ಮಾತ್ರ ಏನೂ ಹಾಕದೇ ಇದ್ದಿದ್ದರೆ? ದುಡ್ಡು ಸರಿಯಾಗಿ ಬರುತ್ತಿತ್ತು, ಬಸ್ಸು ಬರುತ್ತಿರಲಿಲ್ಲ!

ಮೀಟರಿಗೆ ಏನೇನು ಗೊತ್ತು?

ಹಾಗಂತ ಮೀಟರನ್ನು ತಾತ್ಸಾರ ಮಾಡಬೇಡಿ. ಅದು ಬಲು ಚುರುಕಿನ ಪ್ರಾಣಿ. ಹಳೆಯ ಮೀಟರು ತಿಂಗಳಿಗೊಂದು ಅಂಕಿ ಹೇಳುತ್ತಿತ್ತು. ಹೊಸದು ಕಾಲು ಗಂಟೆಗೋ ಅರ್ಧ ಗಂಟೆಗೋ ಒಂದು ಸಲ ಲೆಕ್ಕ ಬರೆದಿಡುತ್ತದೆ. ವೋಲ್ಟೇಜು ಎಷ್ಟಿತ್ತು, ಕರೆಂಟು ಯಾವಾಗ ಹೋಯಿತು, ಯಾವಾಗ ಬಂತು ಎಂಬುದೂ ಅದರ ನೆನಪಿನಲ್ಲಿರುತ್ತದೆ. ಕೆಲವು ಮೀಟರುಗಳಂತೂ ಕರೆಂಟು ಹೋದ ಕೂಡಲೇ, ಒಳಗೆ ಉಳಿದಿರುವ ಚೂರು ಶಕ್ತಿಯಲ್ಲಿ “ನನ್ನ ದೀಪ ಆರಿತು” ಅಂತ ಕಚೇರಿಗೆ ಕೊನೆಯ ಸಂದೇಶ ಕಳಿಸಿ ಕಣ್ಣು ಮುಚ್ಚುತ್ತವೆ. ಒಂದೇ ಬೀದಿಯ ಇಪ್ಪತ್ತು ಮೀಟರು ಒಟ್ಟಿಗೆ ಹಾಗೆ ಕೂಗಿದರೆ ತೊಂದರೆ ಟಿ.ಸಿ.ಯದು, ಒಂದೇ ಕೂಗಿದರೆ ಆ ಅಂಗಡಿಯ ಸರ್ವಿಸ್ ವೈರಿನದು. ಹುಡುಗನನ್ನು ರಸ್ತೆಗೆ ಓಡಿಸುವ ಕೆಲಸವೇ ಇಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. ಮೀಟರಿಗೆ ಎರಡು ಲೆಕ್ಕ ಗೊತ್ತು: ನೀವು ಸುಟ್ಟ ಯೂನಿಟ್ಟಿನ ಲೆಕ್ಕ, ನಿಮಗೆ ಕರೆಂಟು ಇಲ್ಲದ ಗಂಟೆಗಳ ಲೆಕ್ಕ. ಮೊದಲನೆಯದು ತಪ್ಪದೆ ಬಿಲ್ಲಾಗಿ ಮನೆಗೆ ಬರುತ್ತದೆ. ಎರಡನೆಯದು?

ಕರೆಂಟು ಎಷ್ಟು ಸಲ ಹೋಯಿತು, ಎಷ್ಟು ಹೊತ್ತು ಹೋಯಿತು ಅಂತ ದೇಶದಲ್ಲಿ ಲೆಕ್ಕ ಇಡುವ ಪದ್ಧತಿ ಹಿಂದಿನಿಂದಲೂ ಇದೆ. ಆದರೆ ಅದು ನಡೆದು ಬಂದದ್ದು ಫೀಡರ್ ಮಟ್ಟದಲ್ಲಿ. ಫೀಡರು ಚೆನ್ನಾಗಿದ್ದು, ನಿಮ್ಮ ಟಿ.ಸಿ.ಯ ಫ್ಯೂಸ್ ಹೋಗಿ ನಾಲ್ಕು ಗಂಟೆ ಕತ್ತಲಲ್ಲಿ ಕೂತಿದ್ದರೆ, ಆ ಲೆಕ್ಕದ ಪ್ರಕಾರ ನಿಮಗೆ ಕರೆಂಟು ಹೋಗಿಯೇ ಇಲ್ಲ! ಐಸ್‌ಕ್ರೀಮ್ ಕರಗಿದ್ದು, ಹಿಟ್ಟಿನ ಗಿರಣಿ ನಿಂತದ್ದು, ಟೈಲರನ ಮೆಷೀನು ನಿಂತದ್ದು ಎಲ್ಲಾ ನಿಮ್ಮ ಭ್ರಮೆ.

ಪುಣೆಯ ಪ್ರಯಾಸ್ ಎಂಬ ಸ್ವಯಂಸೇವಾ ಸಂಸ್ಥೆಯವರು ಈ ಭ್ರಮೆಯನ್ನೇ ಅಳೆದು ನೋಡೋಣ ಅಂತ ಹೊರಟರು. ಒಂದು ಪುಟ್ಟ ಪೆಟ್ಟಿಗೆ ಮಾಡಿ, ಬೇರೆ ಬೇರೆ ರಾಜ್ಯಗಳ ಮನೆ, ಅಂಗಡಿಗಳ ಪ್ಲಗ್ಗಿಗೆ ಸಿಕ್ಕಿಸಿದರು. ಅದು ನಿಮಿಷ ನಿಮಿಷಕ್ಕೂ ವೋಲ್ಟೇಜು ಬರೆದುಕೊಂಡು ಮೊಬೈಲ್ ಜಾಲದ ಮೂಲಕ ಕಳಿಸುತ್ತಿತ್ತು. ಕಚೇರಿಯ ಲೆಕ್ಕವನ್ನೇ ನಂಬಬೇಕಾಗಿದ್ದ ಕಡೆ, ಗ್ರಾಹಕನ ಗೋಡೆಯಲ್ಲಿ ಸಿಕ್ಕ ಲೆಕ್ಕವನ್ನು ಎಲ್ಲರೂ ನೋಡುವ ಹಾಗೆ ಇಟ್ಟರು. ಸರ್ಕಾರದ್ದಲ್ಲ, ಕಂಪನಿಯದ್ದಲ್ಲ, ಒಂದು ಪೆಟ್ಟಿಗೆಯ ಸಂಶೋಧನೆ. ಆ ಪೆಟ್ಟಿಗೆ ಮಾಡುತ್ತಿದ್ದ ಕೆಲಸವನ್ನು ಇವತ್ತು ಸ್ಮಾರ್ಟ್ ಮೀಟರು ಹಾಕಿದ ಪ್ರತಿ ಗೋಡೆಯಲ್ಲೂ ಮಾಡಬಹುದು. ಕಚೇರಿಯವರು ಮನಸ್ಸು ಮಾಡಬೇಕು, ಅಷ್ಟೇ.

ಕಾನೂನು ಏನನ್ನುತ್ತದೆ?

ಕಾನೂನು ನಮ್ಮ ಕಡೆಯೇ ಇದೆ. 2003ರ ವಿದ್ಯುಚ್ಛಕ್ತಿ ಕಾಯಿದೆಯಲ್ಲೇ, ಸೇವೆಯ ಮಟ್ಟ ತಪ್ಪಿದರೆ ಗ್ರಾಹಕನಿಗೆ ಪರಿಹಾರ ಕೊಡಬೇಕು ಎಂದಿದೆ. 2020ರ ಡಿಸೆಂಬರ್ 31ರಂದು ಕೇಂದ್ರ ಸರ್ಕಾರ ಹೊರಡಿಸಿದ ಗ್ರಾಹಕರ ಹಕ್ಕುಗಳ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದೂರದಿಂದಲೇ ಅಳೆಯಲು ಸಾಧ್ಯವಾಗುವ ವಿಷಯಗಳಲ್ಲಿ ತಪ್ಪು ಸಾಬೀತಾದರೆ ಪರಿಹಾರ ‘ತಾನಾಗಿ’ ಬರಬೇಕು. ಗ್ರಾಹಕ ಅರ್ಜಿ ಹಿಡಿದು ಅಲೆಯಬೇಕಾಗಿಲ್ಲ. ನಿಗದಿಪಡಿಸಿದ ಅವಧಿಗಿಂತ ಹೆಚ್ಚು ಹೊತ್ತು ಕರೆಂಟು ಇಲ್ಲದಿರುವುದು, ಮಿತಿಗಿಂತ ಹೆಚ್ಚು ಸಲ ಹೋಗುವುದು ಇವೆರಡೂ ಆ ಪಟ್ಟಿಯಲ್ಲಿವೆ. ಅವಧಿ ಎಷ್ಟು, ಮಿತಿ ಎಷ್ಟು ಎಂದು ಹೇಳಬೇಕಾದದ್ದು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ.

‘ದೂರದಿಂದ ಅಳೆಯಲು ಸಾಧ್ಯವಾದರೆ’ ಎಂಬ ಮಾತನ್ನು ಇನ್ನೊಂದು ಸಲ ಓದಿ. ಹಳೆಯ ಮೀಟರಿನಲ್ಲಿ ಅದು ಸಾಧ್ಯವಿರಲಿಲ್ಲ. ಹೊಸ ಮೀಟರಿನಲ್ಲಿ ಸಾಧ್ಯ. ಆದ್ದರಿಂದ ಸ್ಮಾರ್ಟ್ ಮೀಟರು ಬಂದ ದಿನವೇ ನೆಪ ಮುಗಿಯಿತು.

ಅದೇ ನಿಯಮಕ್ಕೆ 2023ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಅಂಗಡಿಯವರು ತಿಳಿಯಬೇಕಾದ ಇನ್ನೊಂದು ಅಂಶವಿದೆ. ಹೊತ್ತಿಗೊಂದು ದರ ಇರಬೇಕು. ಬಿಸಿಲಿರುವ ಹಗಲಿನ ಹೊತ್ತಿನಲ್ಲಿ ದರ ಮಾಮೂಲಿಗಿಂತ ಕನಿಷ್ಠ ಶೇಕಡಾ 20 ಕಡಿಮೆ, ಹೆಚ್ಚು ಹೊರೆಯ ಹೊತ್ತಿನಲ್ಲಿ ದರ ಹೆಚ್ಚು ಎಂಬುದು ಅದರ ತಿರುಳು. ಹಿಟ್ಟಿನ ಗಿರಣಿಯವರಿಗೆ ಇದು ಲಾಭ. ಹಗಲು ಬೀಸಿ ಮುಗಿಸಿದರಾಯಿತು. ಬಟ್ಟೆ ಅಂಗಡಿಯವರಿಗೆ? ಗಿರಾಕಿ ಬರುವುದೇ ಸಂಜೆ. “ಹಗಲೇ ಬನ್ನಿ ತಾಯಿ, ಕರೆಂಟು ಅಗ್ಗ” ಅಂತ ಹೇಳಲಾದೀತೇ? ರಾಜ್ಯದ ಆಯೋಗ ದರ ನಿಗದಿ ಮಾಡುವ ಮುನ್ನ ಸಾರ್ವಜನಿಕರ ಅಹವಾಲು ಕೇಳುತ್ತದೆ. ವರ್ತಕರ ಸಂಘದವರು ಅಲ್ಲಿ ಹೋಗಿ ಈ ಮಾತು ಹೇಳಬೇಕು.

ದುಡ್ಡು ಯಾರದು?

ಇನ್ನು ಬೆಲೆಯ ಮಾತು. 2021ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ 25 ಕೋಟಿ ಸ್ಮಾರ್ಟ್ ಮೀಟರಿನ ಗುರಿ ಹಾಕಿಕೊಂಡಿತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕಂಪನಿ 2025ರ ಫೆಬ್ರವರಿಯಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರು ಕಡ್ಡಾಯ ಎಂದಾಗ ದೊಡ್ಡ ಗಲಾಟೆಯಾಯಿತು. ಸಾವಿರ ರೂಪಾಯಿ ಆಸುಪಾಸಿನಲ್ಲಿದ್ದ ಸಿಂಗಲ್ ಫೇಸ್ ಮೀಟರಿನ ಜಾಗಕ್ಕೆ ಸುಮಾರು 5 ಸಾವಿರದ ಮೀಟರು ಬಂತು. ವಿಷಯ ವಿಧಾನಸಭೆಗೂ ಹೋಯಿತು, ಹೈಕೋರ್ಟಿಗೂ ಹೋಯಿತು.

ಬೆಲೆಯ ನ್ಯಾಯ ನ್ಯಾಯಾಲಯ ಹೇಳಲಿ. ಈ ಅಂಕಣದ ತಕರಾರು ಬೇರೆ. 2023ರಲ್ಲಿ ಬಂದ ಗೃಹಜ್ಯೋತಿ ಮನೆಗೆ, ಅಂಗಡಿಗಲ್ಲ. ಅಂಗಡಿಯವನು ಪ್ರತಿ ಯೂನಿಟ್ಟಿಗೂ ದುಡ್ಡು ಕೊಡುತ್ತಾನೆ. ಅದರ ಮೇಲೆ ಕಿಲೋವ್ಯಾಟಿಗಿಷ್ಟು ಅಂತ ನಿಗದಿತ ಶುಲ್ಕವನ್ನೂ ಕೊಡುತ್ತಾನೆ. ಕರೆಂಟು ಇಲ್ಲದ ಗಂಟೆಗೂ ಆ ಶುಲ್ಕ ಓಡುತ್ತಿರುತ್ತದೆ. ಇಷ್ಟೆಲ್ಲ ಕೊಟ್ಟು ಮೇಲೆ 5 ಸಾವಿರದ ಮೀಟರು ಕೊಂಡವನಿಗೆ, ಆ ಮೀಟರಿನಲ್ಲಿರುವ ತನ್ನದೇ ಲೆಕ್ಕ ನೋಡುವ ಹಕ್ಕಿಲ್ಲವೇ? ಬಿಲ್ಲಿನ ಕೆಳಗೆ ಎರಡು ಸಾಲು ಸೇರಿಸಿದರೆ ಸಾಕು: ‘ಈ ತಿಂಗಳು ಕರೆಂಟು ಹೋದದ್ದು ಇಷ್ಟು ಸಲ, ಇಷ್ಟು ಗಂಟೆ.’ ಹೊಸ ಯಂತ್ರ ಬೇಡ, ಹೊಸ ಟೆಂಡರೂ ಬೇಡ.

ನಮ್ಮ ತಪ್ಪನ್ನೂ ಹೇಳಬೇಕು

ಕಚೇರಿಯ ಕಡೆ ಒಂದು ಬೆರಳು ತೋರಿಸಿದಾಗ ಮೂರು ಬೆರಳು ನಮ್ಮ ಕಡೆಯೂ ಇರುತ್ತವೆ. ಕರೆಂಟು ಹೋದ ಕೂಡಲೇ ಅಂಗಡಿಯ ಜನರೇಟರು ಶುರು ಮಾಡುತ್ತೇವೆ. ಚೇಂಜ್‌ಓವರ್ ಸ್ವಿಚ್ಚು ಸರಿಯಾಗಿ ಹಾಕಿಸಿಲ್ಲದಿದ್ದರೆ ಆ ಕರೆಂಟು ಹಿಂದಕ್ಕೆ ಹರಿದು ಟಿ.ಸಿ.ಗೆ ಹೋಗುತ್ತದೆ. 11 ಸಾವಿರವನ್ನು ಇಳಿಸುವ ಟಿ.ಸಿ., ಹಿಂದಿನಿಂದ ಬಂದದ್ದನ್ನು ಅಷ್ಟೇ ಏರಿಸಿಯೂ ಬಿಡುತ್ತದೆ. ‘ಎಲ್.ಸಿ. ತಗೊಂಡಿದೀನಿ, ಲೈನು ಸತ್ತಿದೆ’ ಅಂತ ನಂಬಿ ಕಂಬ ಹತ್ತಿದವನಿಗೆ ಸಾವು ಸಬ್‌ಸ್ಟೇಷನ್ನಿನಿಂದ ಬರುವುದಿಲ್ಲ, ನಮ್ಮ ಅಂಗಡಿಯಿಂದ ಬರುತ್ತದೆ. ಜನರೇಟರು ಇರುವವರು ನಾಳೆಯೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಸ್ವಿಚ್ಚು ನೋಡಿಸಿ.

ಮನೆಯ ಮೇಲೆ ಸೋಲಾರು ಹಾಕಿಸಿದವರು ಕೇಳುತ್ತಾರೆ: “ಬಿಸಿಲು ಸುಡ್ತಾ ಇದೆ, ಆದ್ರೂ ಲೈನ್ ಕರೆಂಟ್ ಹೋದ್ರೆ ನಮ್ಮನೇಲೂ ಹೋಗುತ್ತಲ್ಲ, ಯಾಕೆ?” ಕಾರಣ ಇದೇ. ಜಾಲಕ್ಕೆ ಸೇರಿಸಿದ ಸೋಲಾರ್ ಇನ್ವರ್ಟರು, ಲೈನು ಸತ್ತ ಕೂಡಲೇ ತಾನೂ ಕಣ್ಣು ಮುಚ್ಚುವಂತೆ ಮಾಡಿರುತ್ತಾರೆ. ಕಂಬದ ಮೇಲಿನ ಮನುಷ್ಯ ಬದುಕಲಿ ಅಂತ.

ಯಾವ ಕಂಬದಲ್ಲಿ ತೊಂದರೆ, ಯಾವ ತುಂಡಿನಲ್ಲಿ ಕರೆಂಟಿದೆ, ಯಾವುದರಲ್ಲಿಲ್ಲ ಎಂದು ಖಚಿತವಾಗಿ ಗೊತ್ತಿದ್ದರೆ ಮೊದಲು ಉಳಿಯುವುದು ಲೈನ್‌ಮನ್ನಿನ ಜೀವ, ಆಮೇಲೆ ನಮ್ಮ ವ್ಯಾಪಾರ. ತಂತಿಗೆ ಕಣ್ಣು ಬರಲಿ ಎಂದು ಕೇಳುವುದಕ್ಕೆ ಅದಕ್ಕಿಂತ ದೊಡ್ಡ ಕಾರಣ ಬೇಕೇ?

ಅಲ್ಲಿಯವರೆಗೆ ಒಂದು ಸಣ್ಣ ಕೆಲಸ ಮಾಡಿ. ಅಂಗಡಿಯ ಗೋಡೆಯಲ್ಲಿ ಕ್ಯಾಲೆಂಡರು ಇದ್ದೇ ಇರುತ್ತದೆ. ಕರೆಂಟು ಹೋದ ಹೊತ್ತು, ಬಂದ ಹೊತ್ತು, 1912ಕ್ಕೆ ಫೋನು ಮಾಡಿದಾಗ ಕೊಟ್ಟ ದೂರಿನ ನಂಬರು, ಇಷ್ಟನ್ನು ಅದೇ ತಾರೀಕಿನ ಮನೆಯಲ್ಲಿ ಗೀಚಿಡಿ. ಮೂರು ತಿಂಗಳು ಹೀಗೆ ಮಾಡಿ, ಬೀದಿಯ ಹತ್ತು ಅಂಗಡಿಯವರು ಸೇರಿ ಆ ಹತ್ತು ಕ್ಯಾಲೆಂಡರುಗಳನ್ನು ಕಚೇರಿಯ ಗ್ರಾಹಕರ ಸಭೆಗೆ ಹೊತ್ತುಕೊಂಡು ಹೋಗಿ. ಕೂಗಾಡಬೇಡಿ. “ಸಾರ್, ನಮ್ಮ ಲೆಕ್ಕ ಇದು; ನಿಮ್ಮ ಮೀಟರಿನ ಲೆಕ್ಕ ತೋರಿಸಿ, ತಾಳೆ ನೋಡೋಣ” ಅನ್ನಿ.

ವ್ಯಾಪಾರಸ್ಥರಿಗೆ ಲೆಕ್ಕ ತಾಳೆ ನೋಡುವುದನ್ನು ಹೇಳಿಕೊಡಬೇಕೇ?